ಹಾಲು ನಿಲ್ಲಿಸಿದ ದಿನಗಳು

ಕೋವಿಡ್ ವಾರ್ಡುಗಳನ್ನು ಮುಚ್ಚಿ ಆಸ್ಪತ್ರೆಗಳು ಮತ್ತೆ ಮಾಮೂಲಿಗೆ ಬಂದ ಮರುವರ್ಷದ ಮಾತು. ಆಗ ನಾನು ಚಿತ್ರದುರ್ಗದ ಒಂದು ಆಸ್ಪತ್ರೆಯಲ್ಲಿ ನವಜಾತ ಶಿಶುಗಳ ನಿಗಾ ಘಟಕದ ಹೊಣೆ ಹೊತ್ತಿದ್ದೆ. ಹೊಸದುರ್ಗದಲ್ಲಿ ಮಕ್ಕಳ ವೈದ್ಯೆಯಾಗಿ ಕೆಲಸ ಶುರುಮಾಡಿ, ಹಿರಿಯೂರಿನಲ್ಲಿ ಬಹುಕಾಲ ಕಳೆದು, ನಿವೃತ್ತಿಗೆ ಮುಂಚಿನ ಕಡೆಯ ವರ್ಷಗಳಿಗೆ ಇಲ್ಲಿಗೆ ಬಂದಿದ್ದೆ. ಎಷ್ಟೋ ಕೂಸುಗಳನ್ನು ನೋಡಿದ್ದೇನೆ. ಆದರೆ ಲಕ್ಕಮ್ಮನ ಮಗಳನ್ನು ನೆನೆಯದೆ ನನ್ನ ವೃತ್ತಿಯ ಬಗ್ಗೆ ಏನನ್ನೂ ಹೇಳಲಾರೆ.

ಅವರದು ಹಿರಿಯೂರು ತಾಲ್ಲೂಕಿನ ಆದಿವಾಲದ ಕಡೆಯ ಕುರಿಗಾರರ ಮನೆ. ಸುಗ್ಗಿ ಮುಗಿದ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಲು ಹೊಳಲ್ಕೆರೆ ಸೀಮೆಗೆ ಬಂದಿದ್ದಾಗ ಲಕ್ಕಮ್ಮನಿಗೆ ದಿನ ತುಂಬುವ ಮೊದಲೇ ನೋವು ಕಾಣಿಸಿಕೊಂಡಿತು. ಹೊಳಲ್ಕೆರೆಯಲ್ಲಿ ಹೆರಿಗೆಯಾಗಿ, ಅಲ್ಲಿಂದ ಆಂಬುಲೆನ್ಸ್‌ನಲ್ಲಿ ತಾಯಿ, ಕೂಸು ಇಬ್ಬರನ್ನೂ ನಮ್ಮಲ್ಲಿಗೆ ಕಳಿಸಿದರು. ಸುಮಾರು ಎರಡು ತಿಂಗಳು ಮುಂಚೆ ಹುಟ್ಟಿದ ಹೆಣ್ಣುಕೂಸು. ತೂಕ ಸಾವಿರದ ನಾನೂರು ಗ್ರಾಂ. ಜೊತೆಗೆ ಬಂದವರು ಲಕ್ಕಮ್ಮನ ಗಂಡ ಈರಣ್ಣ ಮತ್ತು ಅತ್ತೆ ಕರಿಯಮ್ಮ.

ಇಷ್ಟು ಸಣ್ಣ ಕೂಸಿಗೆ ಚೀಪಿ ಕುಡಿಯುವ ಶಕ್ತಿ ಇರುವುದಿಲ್ಲ. ಬಾಯಿಯಿಂದ ಹೊಟ್ಟೆಗೆ ತೆಳುವಾದ ಟ್ಯೂಬ್ ಇಳಿಸಿ, ತಾಯಿ ಹಿಂಡಿಕೊಟ್ಟ ಹಾಲನ್ನು ಹನಿಹನಿಯಾಗಿ ಬಿಡುತ್ತೇವೆ. ಲಕ್ಕಮ್ಮನಿಗೆ ಹಾಲು ಹಿಂಡುವುದನ್ನು ನಮ್ಮ ನರ್ಸ್ ತೋರಿಸಿಕೊಡುತ್ತಿದ್ದಾಗ ಕರಿಯಮ್ಮ ಅಡ್ಡ ಬಂದರು.

"ಮೊದಲ್ನೇ ಹಾಲು ಕೂಸಿಗೆ ಆಗಿಬರಲ್ಲ ಕಣ್ರಮ್ಮ. ಹಳದಿ ಐತೆ ನೋಡ್ರಿ. ಹಿಂಡಿ ಚೆಲ್ಲಬೇಕು."

ನಾನು ಅವರ ಪಕ್ಕದಲ್ಲೇ ಕುಳಿತೆ. "ಅಜ್ಜಿ, ನಿಮ್ಮ ಕುರಿ ಮರಿ ಹಾಕಿದರೆ ಗಿಣ್ಣದ ಹಾಲನ್ನು ಚೆಲ್ಲುತ್ತೀರಾ?"

"ಅಯ್ಯೋ, ಚೆಲ್ಲಿದ್ರೆ ಮರಿ ಉಳೀತೈತಾ? ಉಚ್ಚಿಕೊಂಡು ಸಾಯ್ತದೆ."

ಹೇಳಿದ ಮೇಲೆ ತಮ್ಮ ಮಾತೇ ಅವರಿಗೆ ತಟ್ಟಿತು. ಆಮೇಲೆ ಸೊಸೆಯ ಕಡೆ ತಿರುಗಿ, "ಹಿಂಡವ್ವ, ಹಿಂಡು. ಒಂದು ತೊಟ್ಟೂ ಕೆಳಗೆ ಬೀಳಬಾರದು" ಅಂದರು. ಬಾಗಿಲಲ್ಲಿ ಎಲ್ಲರ ಕೈ ತೊಳೆಸುವ ಹೊಣೆಯನ್ನೂ ಅವರಿಗೇ ವಹಿಸಿದೆ. ಅಂದಿನಿಂದ ಕೈ ತೊಳೆಯದೆ ಒಳಗೆ ಕಾಲಿಡಲು ಅವರು ಯಾರನ್ನೂ ಬಿಡಲಿಲ್ಲ. ಒಮ್ಮೆ ನನ್ನನ್ನೇ ತಡೆದು ನಿಲ್ಲಿಸಿದ್ದುಂಟು.

ಕೂಸು ಹಾಲು ಅರಗಿಸಿಕೊಳ್ಳತೊಡಗಿತು. ಪ್ರಮಾಣವನ್ನು ನಿಧಾನವಾಗಿ ಏರಿಸಿದೆವು. ಎರಡನೆಯ ವಾರದಲ್ಲಿ ಒಂದು ಬೆಳಿಗ್ಗೆ ನೋಡುತ್ತೇನೆ, ಹೊಟ್ಟೆ ಉಬ್ಬಿ ಚರ್ಮ ಮಿರಮಿರ ಹೊಳೆಯುತ್ತಿದೆ. ಟ್ಯೂಬಿನಲ್ಲಿ ಹಸಿರು ನೀರು ವಾಪಸ್ ಬರುತ್ತಿತ್ತು. ಮಲದಲ್ಲಿ ರಕ್ತದ ಎಳೆ. ಎಕ್ಸ್-ರೇಯಲ್ಲಿ ಕರುಳಿನ ಗೋಡೆಯೊಳಗೆ ಗಾಳಿಯ ಗುಳ್ಳೆಗಳು ಕಂಡವು. ಇದಕ್ಕೆ ನೆಕ್ರೊಟೈಸಿಂಗ್ ಎಂಟರೊಕೊಲೈಟಿಸ್ ಅನ್ನುತ್ತೇವೆ. ದಿನ ತುಂಬದ ಕೂಸಿನ ಎಳೆ ಕರುಳು ಊದಿಕೊಂಡು, ಬ್ಯಾಕ್ಟೀರಿಯಾ ಗೋಡೆಯೊಳಕ್ಕೆ ನುಗ್ಗಿ, ಕರುಳೇ ಸಾಯತೊಡಗುವ ಕಾಯಿಲೆ. ತಾಯಿಯ ಹಾಲು ಇದನ್ನು ಬಹಳಮಟ್ಟಿಗೆ ತಡೆಯುತ್ತದೆ, ಪೂರ್ತಿ ತಡೆಯಲಾರದು. ಕರುಳು ತೂತಾದರೆ ಆಪರೇಷನ್ ಬೇಕು. ಆಗ ಬದುಕುವ ಆಸೆ ಬಹಳ ಕುಗ್ಗುತ್ತದೆ.

ಹಾಲು ನಿಲ್ಲಿಸಿದೆವು. ಸಲೈನ್ ಮತ್ತು ಆಂಟಿಬಯಾಟಿಕ್ ಶುರುವಾದವು. ಆಪರೇಷನ್ ಬೇಕಾದರೆ ಕಳಿಸಲು ದಾವಣಗೆರೆಯ ಮಕ್ಕಳ ಸರ್ಜನ್ ಒಬ್ಬರಿಗೆ ಫೋನ್ ಮಾಡಿಟ್ಟೆ.

ಮರುದಿನ ಈರಣ್ಣ ಹಿರಿಯೂರಿನಿಂದ ಒಂದು ಪೊಟ್ಟಣ ತಂದ. ಪ್ರೊಬಯಾಟಿಕ್ ಪುಡಿ. ಮೊಬೈಲಿನಲ್ಲಿ ಯಾರದೋ ವಿಡಿಯೊ ನೋಡಿದ್ದನಂತೆ.

"ಇದರಾಗೆ ಒಳ್ಳೆ ಕ್ರಿಮಿ ಅವೆ ಅಂತೆ ಡಾಕ್ಟ್ರಮ್ಮ. ಕೆಟ್ಟವನ್ನ ಓಡಿಸ್ತವಂತೆ. ಹಾಕ್ರಿ."

ಅವನು ಹೇಳಿದ್ದು ಪೂರ್ತಿ ಸುಳ್ಳಾಗಿರಲಿಲ್ಲ. ನನಗೆ ಕಷ್ಟವಾದದ್ದೇ ಅದಕ್ಕೆ. ಹುಟ್ಟಿದ ಕೂಸಿನ ಕರುಳು ಖಾಲಿ ಹೊಲವಿದ್ದ ಹಾಗೆ, ಮೊದಲು ಬೇರೂರಿದವರದೇ ಅಲ್ಲಿ ಕಾರುಬಾರು. ದಿನ ತುಂಬಿ ಹುಟ್ಟಿದ ಆರೋಗ್ಯವಂತ ಹಳ್ಳಿ ಮಕ್ಕಳಿಗೆ ಆಯ್ದ ಒಂದು ಬಗೆಯ ಬ್ಯಾಕ್ಟೀರಿಯಾ ಕೊಟ್ಟಾಗ ಸೋಂಕು ಕಡಿಮೆಯಾಯಿತೆಂದು ನಾನೂ ಓದಿದ್ದೆ, ಆಸೆಪಟ್ಟಿದ್ದೆ. ದಿನ ತುಂಬದ ಮಕ್ಕಳಿಗೂ ಕೆಲವು ಕಡೆ, ಕಾಯಿಲೆ ಬರುವ ಮುಂಚೆ, ಪರೀಕ್ಷಿಸಿದ ತಳಿಗಳನ್ನು ಎಚ್ಚರದಿಂದ ಕೊಡುತ್ತಾರೆ. ಆದರೆ ಈ ಕೂಸಿನ ಕರುಳಿಗೆ ಆಗಲೇ ಗಾಯವಾಗಿತ್ತು. ಪೊಟ್ಟಣದಲ್ಲಿದ್ದದ್ದು ದೊಡ್ಡವರ ಭೇದಿಗೆ ಕೊಡುವ ಪುಡಿ.

"ಒಳ್ಳೆಯ ಕ್ರಿಮಿಯೂ ಜೀವ ಇರೋ ಕ್ರಿಮಿನೇ ಕಣಪ್ಪ" ಅಂದೆ. "ಕರುಳಿನ ಬೇಲಿ ಮುರಿದಿದೆ. ಈಗ ಒಳಗೆ ಬಿಟ್ಟರೆ ಅದು ರಕ್ತಕ್ಕೇ ಇಳಿಯಬಹುದು. ಬೇಡ."

ಅವನ ಮುಖ ಕೆಂಪಾಯಿತು. "ಹಾಲೂ ನಿಲ್ಲಿಸಿದ್ರಿ. ಇದೂ ಬ್ಯಾಡ ಅಂತೀರಿ. ಮತ್ತೆ ನಮ್ ಕೂಸಿಗೆ ಕೊಡೋದಾದ್ರೂ ಏನು?"

ಔಷಧಿಗಳ ಹೆಸರು ಹೇಳಲು ಹೊರಟೆ. ಅವನು ಕೇಳಿದ್ದು ಅದನ್ನಲ್ಲ. ಉಪವಾಸ ಮಲಗಿದ ಮಗಳನ್ನು ಗಾಜಿನಾಚೆಯಿಂದ ನೋಡುತ್ತಾ ನಿಂತ ಅಪ್ಪ ಅವನು. ತನ್ನ ಅವ್ವನ ಕಡೆ ತಿರುಗಿ, "ಬಾರವ್ವ, ಹೋಗಾಣ. ಹೋಗೋ ಜೀವ ನಮ್ ಊರಾಗೆ ಹೋಗ್ಲಿ" ಅಂದ. ಕರಿಯಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಗಂಟು ಕಟ್ಟತೊಡಗಿದರು.

ಲಕ್ಕಮ್ಮ ಬಾಗಿಲ ಹತ್ತಿರ ನಿಂತಿದ್ದಳು. ಬಂದಾಗಿನಿಂದ ನನ್ನೆದುರು ಹತ್ತು ಮಾತೂ ಆಡಿರಲಿಲ್ಲ. ಗಂಡನಿಗೆ ಹೇಳಿದಳು: "ನೀವು ಹೋಗ್ರಿ. ನಂಗೆ ಹಾಲು ಹಿಂಡಾದು ಐತೆ."

"ಯಾರಿಗೆ ಹಿಂಡ್ತೀಯ? ಕೂಸು ಕುಡೀತೈತಾ?"

"ಕುಡೀತದೆ. ಅದು ಕೇಳೋ ಹೊತ್ತಿಗೆ ನನ್ ಹತ್ರ ಇರಬೇಕಲ್ಲ."

ಹಿಂಡುವುದನ್ನು ಬಿಟ್ಟರೆ ಹಾಲು ಬತ್ತಿಹೋಗುತ್ತದೆ, ಹಿಂಡಿದ್ದನ್ನು ಫ್ರೀಜರ್‌ನಲ್ಲಿ ಕಾದಿಡಬಹುದು ಎಂದು ನಮ್ಮ ನರ್ಸ್ ಅವಳಿಗೆ ಹೇಳಿದ್ದರು. ಅವಳು ಅಷ್ಟನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಈರಣ್ಣ ಹೆಂಡತಿಯನ್ನು ನೋಡುತ್ತಾ ಗೋಡೆಗೆ ಒರಗಿ ಕುಳಿತುಬಿಟ್ಟ. ಕರಿಯಮ್ಮ ಕಟ್ಟಿದ ಗಂಟನ್ನು ಬಿಚ್ಚಿದರು.

ಮುಂದಿನ ದಿನಗಳಲ್ಲಿ ನಾವು ಕಾದೆವು. ಕಾಯುವುದೂ ಒಂದು ಕೆಲಸ. ಹೊಟ್ಟೆಯ ಸುತ್ತಳತೆ ನೋಡುವುದು, ಎಕ್ಸ್-ರೇ ತೆಗೆಸುವುದು, ರಕ್ತ ಪರೀಕ್ಷೆ ಮಾಡಿಸುವುದು. ಈರಣ್ಣನಿಗೆ ಒಂದು ಕೆಲಸ ಒಪ್ಪಿಸಿದೆ. ಕೈ ತೊಳೆದು, ಗೌನು ತೊಟ್ಟು, ತನ್ನ ಅಂಗೈಯನ್ನು ಮಗಳ ತಲೆಯ ಮೇಲೆ ಅಲುಗಾಡಿಸದೆ ಇಡಬೇಕು. ಆ ಕೈ ಮಗಳ ತಲೆಗಿಂತ ದೊಡ್ಡದಿತ್ತು. ಅವನು ಮುಟ್ಟಿದಾಗ ಕೂಸಿನ ಅಳು ತಗ್ಗುತ್ತಿತ್ತು. ಪೊಟ್ಟಣದ ಮಾತನ್ನು ಅವನು ಮತ್ತೆ ಎತ್ತಲಿಲ್ಲ.

ಕರುಳು ತೂತಾಗಲಿಲ್ಲ. ಉಬ್ಬರ ಇಳಿಯಿತು. ಟ್ಯೂಬಿನ ಹಸಿರು ತಿಳಿಯಾಯಿತು. ಹೊಟ್ಟೆಯ ಮೇಲೆ ಬೆರಳಿಟ್ಟಾಗ ಮತ್ತೆ ಹಿಟ್ಟಿನ ಹಾಗೆ ಮೆತ್ತಗೆ ಸಿಕ್ಕಿದ ಆ ಮಧ್ಯಾಹ್ನ, ಮೂವತ್ತು ವರ್ಷಕ್ಕೂ ಮೀರಿದ ಅನುಭವದ ನಾನು ವಾರ್ಡಿನಲ್ಲೇ ಗಟ್ಟಿಯಾಗಿ ನಕ್ಕುಬಿಟ್ಟೆ. ಆಂಟಿಬಯಾಟಿಕ್‌ನ ಅವಧಿ ಮುಗಿಸಿ, ಲಕ್ಕಮ್ಮ ಕೂಡಿಟ್ಟ ಹಾಲಿನಿಂದ ಒಂದು ಮಿಲಿಲೀಟರ್ ಕೊಟ್ಟೆವು. ಕೂಸು ಅರಗಿಸಿಕೊಂಡಿತು.

ಕೂಸನ್ನು ಉಳಿಸಿದ್ದು ಔಷಧಿಯೋ, ಹಾಲೋ, ಅದರದೇ ಗಟ್ಟಿತನವೋ ನಾನು ಬಿಡಿಸಿ ಹೇಳಲಾರೆ. ಪ್ರೊಬಯಾಟಿಕ್‌ಗಳ ವಿಷಯದಲ್ಲೂ ನನ್ನ ಬಾಗಿಲು ಮುಚ್ಚಿಲ್ಲ. ಯಾವ ತಳಿ, ಯಾವ ಕೂಸಿಗೆ, ಯಾವಾಗ ಎಂಬುದು ಸರಿಯಾಗಿ ತಿಳಿದ ದಿನ ಅವು ಎಷ್ಟೋ ಮಕ್ಕಳನ್ನು ಕಾಯಬಹುದು. ಅಲ್ಲಿಯತನಕ ವೈದ್ಯರು ಹಲವು ಸಲ "ಬೇಡ" ಅನ್ನಲೇಬೇಕಾಗುತ್ತದೆ. ಆದರೆ ಬರೀ "ಬೇಡ" ಎಂದು ಹೇಳಿ ಬೆನ್ನು ತಿರುಗಿಸಿದರೆ ಆ ಮನೆಯವರ ಕೈ ಬರಿದಾಗುತ್ತದೆ. ಬರಿಗೈಯಲ್ಲಿ ನಿಂತವರು ಕೂಸನ್ನು ಎತ್ತಿಕೊಂಡು ಹೊರಟುಬಿಡುತ್ತಾರೆ. ತಾಯಿಗೊಂದು, ತಂದೆಗೊಂದು, ಅಜ್ಜಿಗೊಂದು ನಿಜವಾದ ಕೆಲಸ ಕೊಡುವುದೂ ಚಿಕಿತ್ಸೆಯೇ ಎಂಬುದನ್ನು ಆ ಮೂವರು ನನಗೆ ಕಲಿಸಿದರು. ಇದು ನನ್ನ ಯಾವ ಪರೀಕ್ಷೆಯಲ್ಲೂ ಪ್ರಶ್ನೆಯಾಗಿ ಬಂದಿರಲಿಲ್ಲ.