ಕಾಲು ತಾನೇ ನಿಲ್ಲುವ ಜಾಗ

ನಿಮ್ಮ ಕಾಲು ನಿಮಗೆ ಹೇಳದೆ ಎಲ್ಲಾದರೂ ನಿಲ್ಲುತ್ತದೆಯೇ? ನನ್ನದು ನಿಲ್ಲುತ್ತದೆ. ನಾನು ಹೇಳುತ್ತಿಲ್ಲ, ಮಷಿನ್ ಹೇಳುತ್ತಿದೆ.

ಕಬ್ಬಿನ ಸೀಜನ್ನಿನಲ್ಲಿ ನಮ್ಮ ಶಿರಗುಪ್ಪಿ ರಸ್ತೆ ಹೇಗಿರುತ್ತದೆಂದು ಗೊತ್ತಲ್ಲ? ಟ್ರಾಲಿಯಿಂದ ಉದುರಿದ ಕಬ್ಬು ಡಾಂಬರಿನ ಮೇಲೆ ಉರುಳಾಡುತ್ತಿರುತ್ತದೆ. ತಿರುವಿನಲ್ಲಿ ಅಂಥದೊಂದರ ಮೇಲೆ ಕಾಲಿಟ್ಟೆ. ಕಾಲಿನ ಗಿಣ್ಣು ಮುರಿಯಿತು. ಆಪರೇಷನ್ ಆಯಿತು. ಈಗ ಒಳಗೆ ಪ್ಲೇಟು, ಸ್ಕ್ರೂ. (ಕಬ್ಬು ಯಾರದೋ, ಕಾಲು ನನ್ನದು.)

ಕೋಲು ಬಿಟ್ಟ ಮೇಲೆ ಅಥಣಿಯ ಫಿಜಿಯೊಥೆರಪಿಸ್ಟ್ ಎರಡೂ ಕಾಲಿಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಸೆನ್ಸರ್ ಕಟ್ಟಿಕೊಟ್ಟರು. ಬೆಳಿಗ್ಗೆ ಇದನ್ನು ಕಟ್ಟಿಕೊಂಡು ವಾಕಿಂಗ್ ಮಾಡಿ, ಯಾವ ಕಾಲಿನ ಮೇಲೆ ಎಷ್ಟು ಭಾರ ಬಿಡುತ್ತೀರಿ, ಎಲ್ಲಿ ಕುಂಟುತ್ತೀರಿ, ಎಲ್ಲ ಮೊಬೈಲಿಗೆ ಬರುತ್ತದೆ ಎಂದರು. ನಡಿಗೆ ಸರಿಯಾಗದೆ ಸ್ಕೂಟಿ ಇಲ್ಲ. ಸ್ಕೂಟಿ ಇಲ್ಲದೆ ಕಾಗವಾಡದ ನನ್ನ ಶಾಲೆ ಇಲ್ಲ. ರಜೆಯೋ, ಮುಗಿಯುತ್ತಾ ಬಂದಿತ್ತು.

ವಾರ ಬಿಟ್ಟು ಗ್ರಾಫ್ ನೋಡಿದರು. ಕುಂಟುವುದು ಕಡಿಮೆಯಾಗಿದೆ. ಆದರೆ ದಿನಾ ಒಂದೇ ಜಾಗದಲ್ಲಿ ಗೆರೆ ಚಪ್ಪಟೆಯಾಗಿದೆ, ಅಂದರೆ ಅಲ್ಲಿ ನಾನು ನಿಂತಿದ್ದೇನೆ.

"ಮೇಡಂ, ಈ ತಿರುವಿನ್ಯಾಗ ದಿನಾ ಯಾರಿಗಿ ಭೆಟ್ಟಿ ಆಗ್ತೀರಿ?"

ಯಾರಿಗೂ ಇಲ್ಲ. ಅದು ನಾನು ಬಿದ್ದ ಜಾಗ. ನಾನು ಅಲ್ಲಿ ನಿಲ್ಲುವುದೇ ಇಲ್ಲ, ಬೇಗ ಬೇಗ ದಾಟುತ್ತೇನೆ. ಮಷಿನ್ ಕೆಟ್ಟಿದೆ ಎಂದು ವಾದಿಸಿ ಬಂದೆ. ಮರುದಿನ ಸಾಕ್ಷಿಗೆ ನಮ್ಮ ಯಜಮಾನರನ್ನೇ ಕರೆದುಕೊಂಡು ಹೊರಟೆ. ಮನೆಗೆ ಬಂದು ಗೆದ್ದವಳಂತೆ ಕೇಳಿದೆ, ನಿಂತೆನೇ? ಅವರು ಚಹಾದ ಕಪ್ಪು ಕೆಳಗಿಟ್ಟರು.

"ನಿಂತಿ. ಯಾರದೋ ಮಾತು ಕೇಳಾಕತ್ತಿದ್ದಿ ಅನಿಸ್ತು. ಅದಕ್ಕ ನಾನೂ ಸುಮ್ಮನ ನಿಂತ್ನಿ."

ಅದು ಭಯ, ಮಿದುಳು ಮರೆತಿರುವುದಿಲ್ಲ ಎಂದು ಫಿಜಿಯೊ ಸಮಾಧಾನ ಹೇಳಿದರು. ನಾನೂ ಸೈನ್ಸ್ ಟೀಚರ್, ಒಪ್ಪಿದೆ. ಆದರೆ ಭಯ ನನ್ನದಾದರೆ ನನಗೆ ಗೊತ್ತಾಗಬೇಡವೇ?

ಆರೈಕೆಗೆಂದು ಬಂದಿದ್ದ ಅವ್ವನಿಗೆ ಇದು ಸಮಸ್ಯೆಯೇ ಅಲ್ಲ. ಬಿದ್ದವರ ಅಂಜಿಕೆ ಬಿದ್ದಲ್ಲೇ ಉಳಿಯುತ್ತದೆ. ಅಲ್ಲಿಗೆ ನೀರು ಹಾಕಬೇಕು, ಹೆಸರು ಹಿಡಿದು ಕರೆಯಬೇಕು, ತಿರುಗಿ ನೋಡದೆ ಮನೆಗೆ ಬರಬೇಕು. ತಂಬಿಗೆ ಹಿಡಿದು ಹೊರಟೇಬಿಟ್ಟಳು, ನನ್ನನ್ನೂ ಎಳೆದುಕೊಂಡು.

ಒಂದೇ ತೊಡಕು. ನನಗಿಟ್ಟಿರುವುದು ಅಜ್ಜಿಯ ಹೆಸರು, ಅಂದರೆ ಅವ್ವನ ಅತ್ತೆಯ ಹೆಸರು. ಅತ್ತೆಯ ಹೆಸರನ್ನು ಸೊಸೆ ಬಾಯಿಬಿಟ್ಟು ಹೇಳುವುದುಂಟೆ? ಹುಟ್ಟಿದಾಗಿನಿಂದ ನಾನು ಅವ್ವನಿಗೆ ಬರೀ ಬಾಯಕ್ಕ. ಇಂಥ ಕೆಲಸಕ್ಕೆ ಮುದ್ದಿನ ಹೆಸರು ನಡೆಯುವುದಿಲ್ಲವಂತೆ. ಅವ್ವ ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ ನೀರು ಸುರಿದು ಕರೆದಳು.

"ಇಲ್ಲಿ ಬಿದ್ದಾಕಿ, ಬಾ. ಮನೀಗಿ ಹೋಗೂಣು."

ತಿರುಗಿ ನೋಡದೆ ಬಂದೆವು. (ನಗಬೇಡಿ. ನೀವಾಗಿದ್ದರೆ ನೋಡುತ್ತಿದ್ದಿರಾ?)

ಮುಂದಿನ ವಾರದ ಗ್ರಾಫಿನಲ್ಲಿ ತಿರುವಿನ ಹತ್ತಿರ ಗೆರೆ ಚಪ್ಪಟೆಯಾಗದೆ ಓಡಿತ್ತು. ಎರಡೂ ಕಾಲು ಸರಿಸಮ, ಸ್ಕೂಟಿ ಹೊಡೆಯಬಹುದು ಎಂದರು. ಖುಷಿಗೆ ಕಣ್ಣಲ್ಲಿ ನೀರು ಬಂತು. ಎದ್ದು ಹೊರಟವಳನ್ನು ಫಿಜಿಯೊ ಮತ್ತೆ ಕರೆದರು.

"ಕಾಲು ಆರಾಮ ಐತ್ರಿ. ಖರೆ ಈಗ ಮನೀ ಬಾಗಿಲದಾಗ ಯಾಕ ನಿಂದರ್ತೀರಿ?"

ಮನೆಗೆ ಬಂದು ಹೇಳಿದರೆ ಅವ್ವ ಸುಮ್ಮನೆ ಎದ್ದು ಒಳಗೆ ಹೋದಳು. ಯಜಮಾನರು ತಗ್ಗಿದ ದನಿಯಲ್ಲಿ ಅಂದರು: "ಹ್ವಾದ ಸೀಜನ್‌ದಾಗ ಕಬ್ಬ ಕಡಿಯಾಕ ಬಂದಾಕಿ ಒಬ್ಬಾಕಿ ಆ ತಿರುವಿನ್ಯಾಗ ಟ್ರಾಲಿ ಮ್ಯಾಲಿಂದ ಬಿದ್ದು ಅಲ್ಲೇ ಸತ್ಲು. ಆಕಿ ಹೆಸರ ಏನಂತ ಊರಾಗ ಯಾರೂ ಕೇಳಲಿಲ್ಲ."

ನಾಳೆಯಿಂದ ಶಾಲೆ. ಕಾಲು ನೋಯುತ್ತಿಲ್ಲ. ಒಂದು ಮಾತ್ರ ಹೇಳಿ, ನಮ್ಮ ಹೊಸ್ತಿಲಲ್ಲಿ ದಿನಾ ನಿಂತು ನಾನು ಯಾರನ್ನು ಮೊದಲು ಒಳಗೆ ಬಿಡುತ್ತಿದ್ದೇನೆ?