ಒಂಟಿ ಸೀನು

ಮಳೆ ಬರುತ್ತಿತ್ತು ಎಂದು ಇಷ್ಟು ದಿನ ಹೇಳಿಕೊಂಡು ಬಂದಿದ್ದೇನಲ್ಲ, ಅದು ಸುಳ್ಳೇ ಇರಬೇಕು. ಮಳೆ ಬಂದಿದ್ದರೆ ಧೂಳು ಅಡಗಿರುತ್ತಿತ್ತು. ಧೂಳು ಅಡಗಿದ್ದರೆ ಆ ಡೆನ್ಮಾರ್ಕಿನ ಹುಡುಗಿ ಬ್ಯಾಟರಾಯನಪುರದ ನಮ್ಮ ಮನೆ ಮುಂದೆ ಆಟೋದಿಂದ ಒಂದು ಕಾಲು ಕೆಳಗಿಟ್ಟ ತಕ್ಷಣ ಸೀನುತ್ತಿರಲಿಲ್ಲ. ಸೀನಿದ್ದಂತೂ ನಿಜ, ಯಾಕೆಂದರೆ ಅಜ್ಜಿ ಅವಳನ್ನು ಮತ್ತೆ ಆಟೋದೊಳಗೆ ಕೂರಿಸಿ ನೀರು ಕುಡಿಸಿದ್ದಳು. ಇದನ್ನು ನಾನು ಕಣ್ಣಾರೆ ಕಂಡೆನೋ, ಅಮ್ಮ ಹೇಳಿ ಹೇಳಿ ಕಂಡ ಹಾಗಾಯಿತೋ, ಖಚಿತವಿಲ್ಲ. ಆಟೋದವನು "ಏನ್ ಗುರು, ವಾಪಸ್ ಏರ್‌ಪೋರ್ಟಾ?" ಎಂದು ಕೇಳಿದ ಎನ್ನುವುದನ್ನು ಮಾತ್ರ ನಾನೇ ಆಮೇಲೆ ಸೇರಿಸಿರಬಹುದು. ಚೆನ್ನಾಗಿದೆ, ಇರಲಿ.

ಅಜ್ಜಿಯ ಕಾನೂನು ಸರಳ. ಎಲ್ಲಿಗಾದರೂ ಕಾಲಿಡುವ ಹೊತ್ತಿಗೆ ಒಂದೇ ಒಂದು ಸೀನು ಬಂದರೆ ಕೆಡುಕು. ಕೂತು, ನೀರು ಕುಡಿದು, ಸ್ವಲ್ಪ ಹೊತ್ತು ಬಿಟ್ಟು ಹೊರಡಬೇಕು. ಬೆನ್ನಿಗೇ ಇನ್ನೊಂದು ಬಂದರೆ ಶುಭ, ಧಾರಾಳವಾಗಿ ಹೋಗಬಹುದು. ನಮ್ಮ ಜಾಗ ದ್ರಾಕ್ಷಿ ತೋಟವಾಗಿದ್ದ ಕಾಲದ ಕಾನೂನು ಇದು. ತೋಟ ಹೋಗಿ ಬಾಡಿಗೆ ಮನೆಗಳು ಎದ್ದ ಮೇಲೂ ಗ್ರೌಂಡ್ ಫ್ಲೋರಿನಲ್ಲಿ ಜಾರಿಯಲ್ಲಿತ್ತು. ನಮಗೇನೂ ತೊಂದರೆಯಿರಲಿಲ್ಲ. ನಮ್ಮ ವಂಶದಲ್ಲಿ ಸೀನುವುದೇ ಕಡಿಮೆ.

ಆ ಹುಡುಗಿ ಹತ್ತಿರದ ಕಾಲೇಜೊಂದರಲ್ಲಿ ಒಂದು ಸೆಮಿಸ್ಟರ್ ಓದಲು ಬಂದಿದ್ದಳು. ಕಾಲೇಜಿನವರು ಅವಳಿಗೊಂದು ಮನೆ ಹುಡುಕುತ್ತಿದ್ದಾಗ ಅಮ್ಮ ಒಪ್ಪಿಕೊಂಡಳು. ಅವಳ ವಿಷಯ ಹುಲ್ಲು. ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ಯಾವ್ಯಾವ ಹುಲ್ಲು ಬೆಳೆಯುತ್ತದೆ ಎಂದು ಗುರುತಿಸುವುದು. ಹುಲ್ಲೆಂದರೆ ತನಗೆ ಅಲರ್ಜಿ ಎನ್ನುವುದು ಇಲ್ಲಿಗೆ ಬಂದ ಮೇಲೆ ಅವಳಿಗೆ ತಿಳಿಯಿತು. ಅವಳ ಊರಿನ ಹುಲ್ಲು ಸಭ್ಯ ಹುಲ್ಲಿರಬೇಕು.

"ಹುಲ್ಲು ಓದಾಕೆ ಅಷ್ಟ್ ದೂರದಿಂದ ಬಂದವ್ಳಾ?" ಎಂದಳು ಅಜ್ಜಿ. "ನಮ್ ಎಮ್ಮೆ ಯಾವ ಕಾಲೇಜ್ಗೂ ಓಗ್ದೆ ಕಲ್ತಿತ್ತು."

ದಿನಾ ಬೆಳಿಗ್ಗೆ ಹೊಸ್ತಿಲ ಹತ್ತಿರ ಅವಳಿಗೆ ಸೀನು ಬರುತ್ತಿತ್ತು. ಒಂದೇ. ಎರಡನೆಯದನ್ನು ಅವಳು ಮರ್ಯಾದೆಗಾಗಿ ಮೂಗು ಹಿಡಿದು ನುಂಗಿಬಿಡುತ್ತಿದ್ದಳು. ಅಜ್ಜಿ ಕೂರಿಸುತ್ತಿದ್ದಳು, ನೀರು ಕೊಡುತ್ತಿದ್ದಳು, ಮೊದಲ ಕ್ಲಾಸು ಹೋಗುತ್ತಿತ್ತು. ಅಜ್ಜಿ ಬಿಡಲಿಲ್ಲ ಎಂದು ಅವಳು ಹೇಳಿದಾಗ ಮೇಷ್ಟ್ರಿಗೆ ಅರ್ಥವಾಯಿತಂತೆ. ಹಾಜರಿ ಪುಸ್ತಕಕ್ಕೆ ಆಗಲಿಲ್ಲ. ಕೊನೆಗೆ ಅವರು, ಹೆಸರಘಟ್ಟದಲ್ಲಿ ನಡೆಯುವ ಪರೀಕ್ಷೆಗೂ ತಪ್ಪಿಸಿಕೊಂಡರೆ ಇಡೀ ಸೆಮಿಸ್ಟರ್ ಹೋದಂತೆಯೇ, ಊರಿಗೆ ಹೋಗಿ ಮತ್ತೆ ಮೊದಲಿನಿಂದ ಓದಬೇಕು ಎಂದುಬಿಟ್ಟರು.

ಅವಳಿಗೆ ಕಾನೂನು ತಿಳಿಸಿಕೊಡುವ ಕೆಲಸ ನನ್ನ ಮೇಲೆ ಬಿತ್ತು. ಮಾತೆಲ್ಲ ಇಂಗ್ಲಿಷಿನಲ್ಲಿ ನಡೆದಿರಬೇಕು. ನೆನಪಿನಲ್ಲಿ ಮಾತ್ರ ಅವಳು ಕನ್ನಡದಲ್ಲೇ ಕೇಳುತ್ತಾಳೆ.

"ಒಂದು ಕೆಟ್ಟದ್ದು, ಎರಡು ಒಳ್ಳೇದು," ಎಂದೆ.

"ಮೂರು?"

ಮೂರರ ಬಗ್ಗೆ ನಾನು ಯೋಚಿಸಿಯೇ ಇರಲಿಲ್ಲ. ಅಜ್ಜಿಯನ್ನು ಕೇಳಿದೆ.

"ಮೂರಾದ್ರೆ ನೆಗಡಿ ಕಣೋ, ದಡ್ಡ ನನ್ಮಗ್ನೆ."

ಮಾರನೆಯ ದಿನ ಅವಳು ಎರಡನೆಯದನ್ನು ನುಂಗದೆ ಕಾದಳು, ಬೇಕೆಂದಾಗ ಅದು ಬರಲಿಲ್ಲ. ಆಮೇಲಿಂದ ಮೊದಲ ಸೀನಿನ ಹಿಂದೆಯೇ ಒಂದು ನಕಲಿ ಸೀನು ಹೊಡೆಯತೊಡಗಿದಳು. ಅಜ್ಜಿ ಕಣ್ಣು ಮುಚ್ಚಿ ಕೇಳಿಸಿಕೊಂಡಳು. "ಇದು ಬಾಯಾಗ್ ಮಾಡಿದ್ದು. ಮೂಗಿಂದ ಬರ್ಬೇಕು. ಕೂತ್ಕೊ."

ಪರೀಕ್ಷೆಯ ದಿನ ಕಾಲೇಜಿನ ಬಸ್ಸು ಬೆಳಿಗ್ಗೆ ಸಿಗ್ನಲ್ ಹತ್ತಿರ ಬರುವುದಿತ್ತು. ಅಲ್ಲಿಯವರೆಗೆ ಸ್ಕೂಟರಿನಲ್ಲಿ ಬಿಡುವವನು ನಾನು. ಅವಳು ಮಾತ್ರೆ ನುಂಗಿ, ಅಮ್ಮನ ದುಪಟ್ಟಾವನ್ನು ಮುಖಕ್ಕೆಲ್ಲ ಸುತ್ತಿಕೊಂಡು, ಬ್ಯಾಂಕಿಗೆ ನುಗ್ಗುವವಳ ಹಾಗೆ ಹೊರಟಳು. ಇನ್ನೇನು ಹೊಸ್ತಿಲು ದಾಟಬೇಕು, ದುಪಟ್ಟಾದೊಳಗಿಂದ ಸದ್ದು ಬಂತು. ಒಂದು.

"ಕೂತ್ಕೊ ಮಗ," ಎಂದಳು ಬಾಗಿಲ ಪಕ್ಕ ಕೂತಿದ್ದ ಅಜ್ಜಿ.

"ಅಜ್ಜಿ, ಬಸ್ ಹೋಗುತ್ತೆ. ನಾನ್ ಹೋಗ್ಬೇಕು." ಇದು ಮಾತ್ರ ಕನ್ನಡವೇ, ನಾನೇ ಕಲಿಸಿದ್ದು.

"ಬಸ್ ಓದ್ರೆ ಇನ್ನೊಂದ್ ಬಸ್ ಬತ್ತದೆ. ನಿಂಗೇನಾರ ಆದ್ರೆ ನಿಮ್ಮಪ್ಪಂಗೆ ನಾನೇನ್ ಏಳ್ಲಿ?"

ಅವಳು ಕೂತಳು. ಕಣ್ಣಿನಿಂದ ನೀರು ಇಳಿಯುತ್ತಿತ್ತು. ಅಲರ್ಜಿಯದೋ ಅಳುವಿನದೋ ಹೇಳುವ ಹಾಗಿರಲಿಲ್ಲ. ನಾನು ಓಡಿಹೋಗಿ ಮನೆಯೊಳಗೆ ಗುಡಿಸುವ ಮೆತ್ತನೆ ಪೊರಕೆಯಿಂದ ಒಂದು ಕಡ್ಡಿ ಕಿತ್ತು ತಂದು ಮೂಗಿಗೆ ಹಾಕಿಕೋ ಎಂದೆ. ಅವಳು ಅದನ್ನು ತಿರುಗಿಸಿ ನೋಡಿ, ಇದೂ ಹುಲ್ಲೇ ಎಂದು ಅದರ ಲ್ಯಾಟಿನ್ ಹೆಸರು ಹೇಳಿದಳು. ಆಮೇಲೆ ಮೂಗಿಗೆ ಹಾಕಿಕೊಂಡಳು. ಏನೂ ಬರಲಿಲ್ಲ. ಹೊರಗೆ ನನ್ನ ಸ್ಕೂಟರು ಸುಮ್ಮನೆ ಪೆಟ್ರೋಲು ಕುಡಿಯುತ್ತಿತ್ತು.

ಅಷ್ಟರಲ್ಲಿ ಅಡುಗೆಮನೆಯಿಂದ ಘಾಟು ಬಂತು. ಒಣಮೆಣಸಿನಕಾಯಿ ಸುಟ್ಟ ಘಾಟು, ಗಂಟಲಿಗೆ ಕೈ ಹಾಕಿ ಹಿಂಡುವಂಥದ್ದು. ಮೊದಲು ಸೀನಿದವನು ನಾನು. ಬಚ್ಚಲಿನೊಳಗಿಂದ ಅಪ್ಪ ಸೀನಿದ. ಮೇಲಿನ ಮನೆಯ ಹುಬ್ಬಳ್ಳಿಯವರು ಮೆಟ್ಟಿಲಿನಿಂದ ಬಗ್ಗಿ, "ಏನ್ರೀ, ದೆವ್ವ ಬಿಡಸಾಕ್ಹತ್ತೀರೇನ್ರೀ? ಸತ್ವಿ ನಾವು!" ಎಂದು ಕೂಗುತ್ತಲೇ ಸೀನಿದರು. ಹುಡುಗಿ ಸೀನಿದಳು, ಮತ್ತೆ ಸೀನಿದಳು, ಎಷ್ಟೋ. ಅಜ್ಜಿ ಬೆರಳು ಮಡಿಸಿ ಲೆಕ್ಕ ಹಿಡಿಯಲು ನೋಡಿದಳು. ನಡುವೆ ಅಜ್ಜಿಗೇ ಸೀನು ಬಂತು.

"ಈಗಿನ್ದು ಅವಳ್ದಾ, ನಿಂದಾ?"

"ಅವಳ್ದೇ ಅಜ್ಜಿ. ಜೋಡಿ ಆಯ್ತು."

"ನಂದ್ ಸೇರಿಸ್ಬ್ಯಾಡ ಕಣೋ, ಕಳ್ಳ!"

ಹುಡುಗಿ ಅಷ್ಟಾದರೂ ಬಾಗಿಲಲ್ಲಿ ನಿಂತು ಅಜ್ಜಿಯ ಮುಖ ನೋಡುತ್ತಿದ್ದಳು. ಅಜ್ಜಿ ಕೆಮ್ಮುತ್ತಾ ಕೈ ಬೀಸಿದಳು. ಹೋಗು ಎಂದು ಬೀಸಿದಳೋ, ಹೊಗೆ ಓಡಿಸಲು ಬೀಸಿದಳೋ, ನಾವು ಕೇಳಲು ನಿಲ್ಲಲಿಲ್ಲ.

ಬಸ್ಸು ಸಿಕ್ಕಿತು. ಸಂಜೆ ಅವಳು ಟೊಮೆಟೊದಂಥ ಮೂಗು ಹೊತ್ತು ಬಂದು, ಪಾಸಾದೆ ಎಂದು ಅಜ್ಜಿಯನ್ನು ತಬ್ಬಿಕೊಂಡಳು. ಅಜ್ಜಿ ನನ್ನ ಕಡೆ ತಿರುಗಿ, "ನೋಡ್ದಾ, ಜೋಡಿ ಸೀನು," ಎಂದಳು.

ಅಮ್ಮನನ್ನು ಆಗಲೂ ಕೇಳಿದ್ದೆ, ಮೊನ್ನೆಯೂ ಕೇಳಿದೆ. ಚಟ್ನಿಗೆ ಒಗ್ಗರಣೆ ಇಟ್ಟಿದ್ದೆ, ಸೀದೋಯ್ತು ಕಣೋ ಎನ್ನುತ್ತಾಳೆ. ಅಷ್ಟು ಹೊತ್ತಿಗೆ ನಾವೆಲ್ಲ ತಿಂಡಿ ತಿಂದು ಕೈ ತೊಳೆದಿದ್ದೆವು ಎಂದು ನನ್ನ ನೆನಪು. ಆದರೆ ಮಳೆ ಬಂದಿತ್ತು ಎನ್ನುತ್ತಿದ್ದವನೂ ನಾನೇ. ಅಜ್ಜಿಗೆ ಅಮ್ಮ ಎದುರಾಡಿದ್ದನ್ನು ನಾನು ಕಂಡಿಲ್ಲ, ಅಂದೂ ಕಂಡಿಲ್ಲ. ಮೆಣಸಿನಕಾಯಿ ತಾನಾಗಿ ಸೀದಿತೋ, ಅವಳೇ ಸುಟ್ಟಳೋ, ನನಗೆ ಗೊತ್ತಿಲ್ಲ.