ಎಂಟು ಸೀಟಿನ ದೋಣಿ

ಗಲ್ಫಿನಲ್ಲಿ ಬ್ಯಾಚುಲರ್ ಎಂದರೆ ಮದುವೆಯಾಗದವನು ಅಂತಲ್ಲ, ಹೆಂಡತಿಯನ್ನು ಊರಲ್ಲಿ ಬಿಟ್ಟು ಬಂದವನು ಅಂತ. ಫ್ಯಾಮಿಲಿ ವೀಸಾ ಸಿಗುವಷ್ಟು ಸಂಬಳವಿಲ್ಲದ ನಾನು, ಇಬ್ಬರು ಹೆಣ್ಣುಮಕ್ಕಳ ತಂದೆ, ತಲೆ ನರೆಯುವ ತನಕ ಮಸ್ಕತ್ತಿನಲ್ಲಿ ಬ್ಯಾಚುಲರನೇ ಆಗಿದ್ದೆ. ವಾದಿ ಅದಾಯ್‌ನ ಗ್ಯಾರೇಜೊಂದರಲ್ಲಿ ಸ್ಟೋರ್ ನೋಡಿಕೊಳ್ಳುತ್ತ, ಹಿಂದಿನ ರೂಮಿನಲ್ಲಿ ನನ್ನಂಥವರ ಜೊತೆ ಮಲಗುತ್ತಿದ್ದೆ. ಮಸ್ಕತ್ತಿನಲ್ಲೇ ಇದ್ದ ತಮ್ಮನದು ಆಫೀಸು ಕೆಲಸ. ಹೆಂಡತಿ ಮಕ್ಕಳೊಂದಿಗೆ ದಾರ್ಸೈಟ್‌ನ ಫ್ಲ್ಯಾಟಿನಲ್ಲಿದ್ದ.

ತೊಂಬತ್ತರ ದಶಕದ ಶುರುವಿನಲ್ಲಿ ಅವನಿಗೆ ದೋಣಿಯ ಹುಚ್ಚು ಹಿಡಿಯಿತು. ಆಫೀಸಿನ ಗೆಳೆಯನೊಬ್ಬನ ಜೊತೆ ಸೇರಿ ಹಳೆಯ ಪಾಂಟೂನ್ ದೋಣಿ ಕೊಳ್ಳುವುದೆಂದಾಯಿತು. ಎರಡು ಉದ್ದನೆಯ ಅಲ್ಯೂಮಿನಿಯಂ ಕೊಳವೆಗಳ ಮೇಲೆ ಹಲಗೆ ಹಾಸಿ, ಸುತ್ತ ಕಂಬಿ ಕಟ್ಟಿ, ಸೀಟು ಜೋಡಿಸಿದ ದೋಣಿ. ಮನೆಯ ಜಗಲಿಯೇ ತೇಲಿದ ಹಾಗೆ. ಎರಡು ಮಾರಾಟಕ್ಕಿದ್ದವು. ನೋಡಲು ನನ್ನನ್ನೂ ಕರೆದರು, ಯಾಕೆಂದರೆ ಟ್ರೈಲರ್ ಎಳೆಯುವ ಪಿಕಪ್ ಇದ್ದದ್ದು ನನ್ನ ಕೈಯಲ್ಲಿ.

ಒಂದು ಹನ್ನೆರಡು ಸೀಟಿನದು. ಬಣ್ಣ ಹೋಗಿತ್ತು, ನೆರಳಿನ ಬಟ್ಟೆ ಹರಿದಿತ್ತು, ಆದರೆ ಇಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಇನ್ನೊಂದು ಎಂಟು ಸೀಟಿನದು, ಮಿರಮಿರ ಮಿಂಚುತ್ತಿತ್ತು. ನಾನು ದೊಡ್ಡದಕ್ಕೇ ಪಟ್ಟು ಹಿಡಿದೆ. ಬಟ್ಟೆ ಹೊಲಿಸಬಹುದು, ಬಣ್ಣ ನಾನೇ ಹೊಡೆಯುತ್ತೇನೆ ಎಂದೆ. ಒಳಗಿನ ಆಸೆ ಬೇರೆಯಿತ್ತು: ಅದರಲ್ಲಿ ನನಗೊಂದು ಜಾಗ ಉಳಿಯುತ್ತಿತ್ತು. ಹೆಂಡತಿ ಮಕ್ಕಳು ವಿಸಿಟ್ ವೀಸಾದಲ್ಲಿ ಬಂದರೆ ಅವರಿಗೂ.

ತಮ್ಮನ ಹೆಂಡತಿ ಬೆರಳು ಮಡಿಚಿ ಎಣಿಸಿದಳು. "ನಾವು ನಾಲ್ಕು, ಅವರ ಮನೆಯವರು ನಾಲ್ಕು. ಎಂಟು ಸಾಕಲ್ವಾ ಭಾವ? ಹೆಚ್ಚಿಗೆ ಯಾರುಂಟು?"

ನನ್ನ ಮುಖ ನೋಡಿಕೊಂಡೇ ಕೇಳಿದಳು. ತಮ್ಮ ನನ್ನನ್ನು ಪಕ್ಕಕ್ಕೆ ಕರೆದ. "ಅಣ್ಣ, ಬ್ಯಾಚುಲರ್ಸ್ ಇದ್ರೆ ಫ್ಯಾಮಿಲಿಯೋರಿಗೆ ಸಂಕೋಚ ಆತ್ತ್. ನೀನ್ ಎಂತದೂ ತಿಳ್ಕಣ್ಬೇಡ. ಖಲಾಸ್, ಸಣ್ಣದೇ ಇರ್ಲಿ."

ಒಂದೇ ತಟ್ಟೆಯಲ್ಲಿ ಉಂಡು ಬೆಳೆದವನ ಬಾಯಿಂದ ಬಂದ ಮಾತು. ಕೆನ್ನೆಗೆ ಬಾರಿಸಬೇಕೆನ್ನಿಸಿತು. ಬಾರಿಸಲಿಲ್ಲ. ಸಣ್ಣ ದೋಣಿಯನ್ನೇ ಪಿಕಪ್ಪಿಗೆ ಕಟ್ಟಿದೆ.

ಅಲ್ಲಿಂದ ಮುಂದೆ ಶುಕ್ರವಾರಗಳಲ್ಲಿ ದೋಣಿಯನ್ನು ಎಳೆದು ತಂದು ನೀರಿಗಿಳಿಸಿ, ಅವರು ವಾಪಸಾಗುವ ತನಕ ಪಿಕಪ್ಪಿನ ನೆರಳಲ್ಲಿ ಕೂರುವುದು ನನ್ನ ಪಾಲಿಗೆ ಬಂತು. ಹೋಗುವ ಮುಂಚೆ ಒಂದು ಡಬ್ಬಿ ಬಿರಿಯಾನಿ ಕೊಡುತ್ತಿದ್ದರು. ಮೈಯೆಲ್ಲ ಉರಿಯುತ್ತಿದ್ದರೂ ಅದನ್ನು ತಿನ್ನುತ್ತಿದ್ದೆ.

ಕೊನೆಗೊಂದು ಶಾಲೆ ರಜೆಯಲ್ಲಿ ನನ್ನ ಹೆಂಡತಿ ಮಕ್ಕಳು ಬಂದರು. ತಮ್ಮನ ಗೆಳೆಯನ ಹೆಂಡತಿ ಮಕ್ಕಳು ಆಗ ಊರಿಗೆ ಹೋಗಿದ್ದರು. ಖಾಲಿಯಾದ ಮೂರು ಸೀಟುಗಳಲ್ಲಿ ನನ್ನ ಮೂವರನ್ನು ಕೂರಿಸಿದರು. ತನ್ನ ಸೀಟಿನಲ್ಲಿ ಆ ಗೆಳೆಯ ಎಂದಿನಂತೆ ಕೂತಿದ್ದ. ಆವತ್ತು ಅವನೂ ಬ್ಯಾಚುಲರೇ. ಅದು ಯಾರಿಗೂ ಹೊಳೆಯಲಿಲ್ಲ. ನಾನು ದೋಣಿ ತಳ್ಳಿಕೊಟ್ಟು ದಡದಲ್ಲಿ ನಿಂತೆ.

ಮರಳಿ ಬಂದಾಗ ಚಿಕ್ಕವಳು ಓಡಿ ಬಂದು ಒದ್ದೆ ಕೈಯಲ್ಲೇ ನನ್ನ ಕೈ ಹಿಡಿದಳು. "ಅಪ್ಪಯ್ಯ, ನಿಂಗೆ ನೀರ್ ಕಂಡ್ರೆ ಹೆದ್ರಿಕ್ಯಾ? ಅದ್ಕೇ ದೋಣಿ ಹತ್ತುದಿಲ್ಲ ಅಂದ್ರ್ ಚಿಕ್ಕಮ್ಮ."

ಕುಂದಾಪುರದ ಹೊಳೆಯಲ್ಲಿ ಅವಳ ಚಿಕ್ಕಪ್ಪನಿಗೆ ಈಜು ಕಲಿಸಿದವನು ನಾನು. ಅವನು ಅಲ್ಲೇ ನಿಂತು ಹಗ್ಗ ಸುತ್ತುತ್ತಿದ್ದ, ತಲೆ ಎತ್ತಲಿಲ್ಲ.

"ಹೌದ್ ಮಗಾ," ಎಂದೆ, "ಹೆದ್ರಿಕೆ."